ಅಪ್ಪ ಮಾಡಿದ ತೊಟ್ಟಿ

ಮಗುವಿನ ಸ್ನಾನಕ್ಕೆ ಪ್ಲಾಸ್ಟಿಕ್ ತೊಟ್ಟಿ ತಂದರೆ ಒಂದು ದಿನದ ದುಡಿಮೆ ಹೋಗುತ್ತದೆ, ತಾಮ್ರದ್ದಾದರೆ ಒಂದು ತಿಂಗಳಿನದು. ನಮ್ಮ ಮನೆಯ ತೊಟ್ಟಿ ಬಂದದ್ದು ಗುಜರಿ ಅಂಗಡಿಯಿಂದ, ಅಪ್ಪ ಎರಡು ಹಂಡೆಗೆ ಕಲಾಯಿ ಹಾಕಿಕೊಟ್ಟ ಕೂಲಿಯ ಬದಲಿಗೆ. ಅದು ಯಾವುದೋ ಕಾಲದ ಸೈನಿಕನ ಉಕ್ಕಿನ ಎದೆಕವಚ; ಮೈತುಂಬ ಬಳ್ಳಿ, ಹಕ್ಕಿಗಳ ಕೆತ್ತನೆ. ಅಪ್ಪ ಅದನ್ನು ಒಳಮೈ ಮೇಲಾಗಿ ಮಲಗಿಸಿ, ಕುತ್ತಿಗೆ, ತೋಳು, ಸೊಂಟದ ಜಾಗಕ್ಕೆ ತಗಡು ಬೆಸೆದು, ನಾಲ್ಕು ಕಾಲು ಕೊಟ್ಟರು. ಮಗುವಿನ ಮೈಗೆ ತುಕ್ಕು ತಾಗಬಾರದೆಂದು ಒಳಗೂ ಹೊರಗೂ ದಪ್ಪಗೆ ತವರದ ಕಲಾಯಿ ಹಾಕಿದರು. ಕೆತ್ತನೆ ಮುಚ್ಚಿಹೋಯಿತು. ನಾನೂ ತಂಗಿಯೂ ಅದರಲ್ಲೇ ಮಿಂದು ಬೆಳೆದೆವು. ಆಮೇಲೆ ನನ್ನ ಮಗಳ ಸರದಿ ಬಂತು.

ಅಪ್ಪ ತೀರಿಕೊಂಡ ಮೇಲೆ ಅವರ ಕಲಾಯಿ ಅಂಗಡಿ ನಾನೇ ನೋಡಿಕೊಳ್ಳುತ್ತಿದ್ದೇನೆ. ಒಂದು ಬೆಳಿಗ್ಗೆ ವಸ್ತುಸಂಗ್ರಹಾಲಯದ ಅಧಿಕಾರಿಯೊಬ್ಬರು ಮನೆಯ ಪಾತ್ರೆಗಳನ್ನು ಕಲಾಯಿಗೆ ತಂದರು. ಅಂಗಡಿಯ ಹಿಂದೆಯೇ ನಮ್ಮ ಹಿತ್ತಿಲು. ಅಮ್ಮ ಅಲ್ಲಿ ಮಗುವಿಗೆ ನೀರು ಹಾಕುತ್ತಿದ್ದಳು. ತೊಟ್ಟಿಯ ಕಲಾಯಿ ಸವೆದ ಅಂಚಿನಲ್ಲಿ ಹಕ್ಕಿಯ ಕೊಕ್ಕೊಂದು ಇಣುಕುತ್ತಿತ್ತು. ಅಧಿಕಾರಿ ಪಾತ್ರೆ ಬಿಟ್ಟು ತೊಟ್ಟಿಯ ಬಳಿ ಹೋಗಿ ಕುಕ್ಕರುಗಾಲಲ್ಲಿ ಕುಳಿತರು.

“ಅಮ್ಮಾ, ಇದು ಯೋಧನ ಕವಚ.”

“ಯಾರದಾದ್ರೂ ಆಗ್ಲಿ, ಈಗ ನನ್ನ ಮೊಮ್ಮಗಳದು. ಸ್ವಲ್ಪ ಸರೀರಿ, ಸೋಪು ಹಾರುತ್ತೆ.”

“ಈ ತಗ್ಗು ನೋಡಿ, ಗದೆಯ ಏಟಿರಬೇಕು.”

“ಅದಾ?” ಅಮ್ಮ ನನ್ನತ್ತ ಕೈ ತೋರಿದಳು. “ಇವನು ಐದು ವರ್ಷದವನಿದ್ದಾಗ ಇದರೊಳಗೆ ಕೂತು ಮೆಟ್ಟಿಲಿಂದ ಜಾರಿದ್ದು. ಹಣೆ ನೋಡಿ, ಅಲ್ಲೂ ಒಂದು ಗುರುತಿದೆ.”

ಅವರು ನಗಲಿಲ್ಲ. “ಇಂಥ ವಸ್ತೂನ ಹೀಗೆ ಹಾಳು ಮಾಡಿದ್ದು ಯಾರು?”

ಅಮ್ಮನ ಕೈ ನಿಂತಿತು. ಅಪ್ಪನ ಕೆಲಸದಲ್ಲಿ ತಪ್ಪು ಹುಡುಕಿದವರನ್ನು ಅವಳು ಅದುವರೆಗೆ ಕಂಡಿರಲಿಲ್ಲ.

“ಮಗಾ, ಒಲೆ ಹಚ್ಚು. ಇವರಿಗೆ ಕಲಾಯಿ ಕೆಳಗೆ ಏನಿದೆ ಅಂತ ತೋರಿಸು.”

ಅಮ್ಮ ಮಗುವನ್ನು ಎತ್ತಿಕೊಂಡ ಮೇಲೆ ತೊಟ್ಟಿಯನ್ನು ಒರೆಸಿ ಒಂದು ಮೂಲೆ ಕಾಯಿಸಿದೆ. ಕಲಾಯಿ ಕರಗಿದ್ದೇ ತಡ ಬಟ್ಟೆಯಿಂದ ಬಳಿದು ತೆಗೆದೆ. ಅಡಿಯಲ್ಲಿ ಒಂದು ಪೂರ್ತಿ ಹಕ್ಕಿ. ಗರಿಗರಿಯೂ ನಿನ್ನೆ ಕೆತ್ತಿದಂತಿತ್ತು.

ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ನಮ್ಮಲ್ಲಿರೋ ಕವಚಗಳನ್ನೆಲ್ಲ ತುಕ್ಕು ತಿಂದಿದೆ. ತಪ್ಪಾಯ್ತಮ್ಮ. ಕಲಾಯಿ ಹಾಕಿದವರು ಇದನ್ನ ಕಾಪಾಡಿದಾರೆ.”

“ಹಾಗಂತ ಬರೆದು ಗೋಡೆಗೆ ಹಾಕಿ. ಆಮೇಲೆ ತಗೊಂಡು ಹೋಗಿ.”

ಉಳಿದ ಕಲಾಯಿ ಬಿಡಿಸಲು ನನಗೆ ಹನ್ನೊಂದು ದಿನ ಹಿಡಿಯಿತು. ತಗ್ಗನ್ನು ಮಾತ್ರ ಬಡಿದು ಸರಿಮಾಡಲು ಅಮ್ಮ ಬಿಡಲಿಲ್ಲ.

ತೊಟ್ಟಿ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಅದರ ಬದಲಿಗೆ ಬಂದ ತಾಮ್ರದ ತೊಟ್ಟಿಯಲ್ಲಿ ಮಗಳು ಎರಡು ದಿನ ಅತ್ತು, ಮೂರನೆಯ ದಿನ ನೀರೆರಚಿದಳು. ಅಲ್ಲಿನ ಗೋಡೆಯ ಮೇಲೆ ಅಪ್ಪನ ಹೆಸರಿದೆ, ಅದರ ಕೆಳಗೆ ‘ಕಲಾಯಿ ಕೆಲಸಗಾರರು, ಈ ಕವಚವನ್ನು ಕಾಪಾಡಿದವರು’ ಎಂದಿದೆ.