ಕೊನೆಯ ಗೂಡಿನ ಕಾವಲು

ಪೆಟಗೋನಿಯಾದ ಈ ಬೋಳು ದಿಣ್ಣೆಯ ಮೇಲೆ ಗಾಳಿಗೆ ನಾಚಿಕೆಯೆಂಬುದಿಲ್ಲ. ಹಗಲೆಲ್ಲ ಬೀಸಿದ್ದು ಸಾಲದೆಂದು ಉಣ್ಣುವ ತಟ್ಟೆಗೂ ಮಣ್ಣು ತೂರುತ್ತದೆ. ಕೊಳದ ನೀರುಬಳ್ಳಿಯ ಮೇಲೆ ತೇಲುಗೂಡು ಕಟ್ಟುವ ಮುಳುಗುಹಕ್ಕಿಗಳನ್ನು ದುರ್ಬೀನಿನಲ್ಲಿ ಎಣಿಸಿ, ಸಂಜೆ ವೈರ್‌ಲೆಸ್‌ನಲ್ಲಿ ಲೆಕ್ಕ ಒಪ್ಪಿಸುವುದು ನನ್ನ ಕೆಲಸ. ಗೂಡಿರುವ ತನಕ ಕಾವಲು. ಗೂಡು ಹೋದರೆ ಡೇರೆ ಕಿತ್ತು ಕೆಳಗಿಳಿಯಬೇಕು. ಈ ಬೇಸಿಗೆಯಲ್ಲಿ ಒಂದೊಂದಾಗಿ ಹೋಗಿ ಒಂದೇ ಗೂಡು ಉಳಿದಿತ್ತು.

ಜೊತೆಗಿದ್ದ ಸಾತುರ್ನಿನೊ ಹಲ್ಲುನೋವೆಂದು ಕೆಳಗೆ ಹೋದವನು ಹೋದವನೇ. ನಿನ್ನೆ ವೈರ್‌ಲೆಸ್‌ನಲ್ಲಿ ಫೌಸ್ತೊ ಬಾಯಿಬಿಟ್ಟ. ಅವನು ಕೆಳಗಿನ ಶಿಬಿರದ ಅಡುಗೆಯವ. ವೈರ್‌ಲೆಸ್ಸೂ ಅವನದೇ ಉಸ್ತುವಾರಿ.

“ಎರ್ಮೆಲಿಂದಾ, ನಿನ್ನ ಜೊತೆಗಾರ ಬರಾಕಿಲ್ಲ ಕಣಮ್ಮ. ಕುರಿ ಉಣ್ಣೆ ಕತ್ತರಿಸೋ ಕೆಲಸಕ್ಕೆ ಸೇರ್ಕೊಂಡವ್ನೆ.”

“ಹಲ್ಲು?”

“ಹಲ್ಲಿಗೇನಾಗೈತೆ, ಚೆನ್ನಾಗಿ ಮಾಂಸ ಅಗೀತಾ ಐತೆ.”

ನನಗೆ ಹೊಟ್ಟೆ ಉರಿಯಿತು. ಒಂದು ಮಾತು ಹೇಳಿ ಹೋಗಬಾರದಿತ್ತೆ? ಕೆಳಗಿಳಿಯಲು ನಾನೂ ಹಾತೊರೆಯುತ್ತಿದ್ದೆ. ಮನುಷ್ಯರ ಮುಖ ನೋಡದೆ ನಾಲಿಗೆ ತುಕ್ಕು ಹಿಡಿದಂತಾಗಿತ್ತು. “ನಿನ್ನ ದೆಸೆಯಿಂದ ನಾನಿಲ್ಲಿ ಒಣಗ್ತಾ ಇವ್ನಿ,” ಎಂದು ಹಕ್ಕಿಯನ್ನೇ ಬೈಯುತ್ತಿದ್ದೆ.

ಇವತ್ತು ಮಧ್ಯಾಹ್ನ ಗಾಳಿ ಆ ಗೂಡನ್ನೂ ಮೊಟ್ಟೆ ಸಮೇತ ಕಿತ್ತೊಯ್ದಿತು. ಜೋಡಿಯಲ್ಲಿ ಒಂದು ಎತ್ತ ಹೋಯಿತೋ ಕಾಣಲಿಲ್ಲ. ಅಳು ಬಂತು. ಅದರ ಬೆನ್ನಿಗೇ, ನಾಳೆ ಕೆಳಗಿಳಿಯಬಹುದು ಎಂಬ ಹಿಗ್ಗೂ ಬಂತು. ಥೂ, ಎಂಥ ಜನ್ಮ ನನ್ನದು ಎಂದುಕೊಂಡು ನೀರು ಕಾಯಿಸಿದೆ.

ಸೋರೆಬುರುಡೆಗೆ ಚಹಾದಂತೆ ಕುಡಿಯುವ ಮಾಟೆ ಸೊಪ್ಪು ತುಂಬಿ, ಬಿಸಿನೀರು ಹುಯ್ದು, ನನ್ನ ಸರದಿ ಕುಡಿದೆ. ಮತ್ತೆ ನೀರು ಹುಯ್ದು ಪಕ್ಕಕ್ಕೆ ಚಾಚಿದೆ. ನಮ್ಮಲ್ಲಿ ಒಂದೇ ಬುರುಡೆ ಕೈಯಿಂದ ಕೈಗೆ ಹೋಗಬೇಕು. ಕೈಗೆ ಅದೇ ಅಭ್ಯಾಸ. ಸಾತುರ್ನಿನೊ ಕೂರುತ್ತಿದ್ದ ಡಬ್ಬದ ಮೇಲೆ ಯಾರೂ ಇರಲಿಲ್ಲ. ಚಾಚಿದ ಕೈ ಹಿಂದಕ್ಕೆಳೆದುಕೊಳ್ಳಲು ಯಾಕೋ ನಾಚಿಕೆಯಾಯಿತು.

ದುರ್ಬೀನಿಗೆ ಕಣ್ಣಿಟ್ಟೆ. ಉಳಿದ ಹಕ್ಕಿ ಗೂಡಿದ್ದ ಜಾಗದಲ್ಲೇ ಇತ್ತು. ಮುಳುಗಿ ಎದ್ದು, ಕೊಕ್ಕಿನಲ್ಲಿ ಬಳ್ಳಿಯ ಎಳೆ ಹಿಡಿದು, ಎದೆಯೆತ್ತಿ ತಲೆಯನ್ನು ಅತ್ತಿತ್ತ ಆಡಿಸಿತು. ಜೋಡಿ ಎದುರಿಗಿದ್ದಾಗ ಕುಣಿಯುವ ಕುಣಿತ ಅದು. ಎದುರಿಗೆ ಬರೀ ನೀರು. ಎಳೆಯನ್ನು ಅಲ್ಲೇ ಇಟ್ಟು ಮತ್ತೆ ಮುಳುಗಿತು.

ಸಂಜೆ ಫೌಸ್ತೊ ಕರೆದ. “ಗಾಳಿ ಜೋರಂತೆ. ಗೂಡು?”

“ಹಕ್ಕಿ ಒಂದು,” ಎಂದೆ.

“ಗೂಡು ಕೇಳ್ದೆ ನಾನು. ಹೋಗಿದ್ರೆ ಹೇಳು, ಬೆಳಿಗ್ಗೆ ಗಾಡಿ ಕಳಿಸ್ತೀವಿ. ಕುರಿಮರಿಗೆ ಉಪ್ಪು ಹಚ್ಚಿ ಮಡಗಿವ್ನಿ.”

ಬಾಯಲ್ಲಿ ನೀರೂರಿತು. “ಕಟ್ತಾ ಐತೆ,” ಎಂದೆ.

“ಒಂಟಿ ಹಕ್ಕಿ ಗೂಡು ಕಟ್ತೈತಾ, ಎರ್ಮೆಲಿಂದಾ?”

“ಬಳ್ಳಿ ತಂದು ತಂದು ಇಡ್ತಾ ಐತೆ. ನೋಡೋಕೆ ಒಬ್ರಾದ್ರೂ ಬೇಡ್ವಾ ಅದಕ್ಕೆ?”

“ಆಯ್ತು, ಗೂಡು ಒಂದು,” ಎಂದ. ಆಮೇಲೆ, ಮಾತಾಡಲು ಒತ್ತಿಹಿಡಿಯುವ ವೈರ್‌ಲೆಸ್ಸಿನ ಗುಂಡಿ ಬಿಡಲೇ ಇಲ್ಲ. ಅಲ್ಲಿಯ ತಟ್ಟೆ ಚಮಚಗಳ ಸದ್ದು, ಯಾರೋ ಉಪ್ಪು ಕೇಳಿದ್ದು, ಯಾರೋ ನಕ್ಕಿದ್ದು ನನ್ನ ಡೇರೆಯೊಳಗೆ ಕೇಳುತ್ತಿತ್ತು. ನಾನು ಒಣಬ್ರೆಡ್ಡು ಬಿಚ್ಚಿಕೊಂಡು ಅವರ ಜೊತೆ ಊಟಕ್ಕೆ ಕೂತೆ.