ಸಹಾನೋ, ದಹಾನೋ?

ಕೆಲಸದ ಜಾಗದಲ್ಲಿ ಬೈಸಿಕೊಳ್ಳದವರು ನಮ್ಮ ಕಡೆ ಯಾರಿದ್ದಾರೆ? ಬೈಸಿಕೊಂಡದ್ದನ್ನು ಮನೆಗೆ ಬಂದು ಹೇಳುವವರು ಮಾತ್ರ ಸಿಗುವುದಿಲ್ಲ. ಮಂದ್ರೂಪದ ಅಮೋಗಸಿದ್ಧನೂ ಹೇಳಿರಲಿಲ್ಲ.

ಅವನು ಸೋಲಾಪುರದ ಹತ್ತಿರ, ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಟವೆಲ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ. ಅಲ್ಲಿ ಒಂದು ಕೆಟ್ಟ ರೂಢಿ ಇತ್ತು. ಖೋಕಾ, ಅಂದರೆ ರಟ್ಟಿನ ಪೆಟ್ಟಿಗೆ, ತುಂಬುವಾಗ ಲೆಕ್ಕ ತಪ್ಪಿದವರನ್ನು ಮತ್ತೆ ಟ್ರೇನಿಂಗಿಗೆ ಕೂರಿಸುತ್ತಿದ್ದರು. ಟ್ರೇನಿಂಗ್ ಮುಗಿಯುವ ತನಕ ಅವರ ತಲೆಯ ಮೇಲೆ ಹಳದಿ ಟೋಪಿ. ಉಳಿದವರದು ನೀಲಿ. ಅಷ್ಟು ನೀಲಿ ಟೋಪಿಗಳ ನಡುವೆ ಒಂದು ಹಳದಿ ಕಂಡರೆ, ‘ಇವನು ದಡ್ಡ’ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಮೋಗಸಿದ್ಧ ಬಸ್ಸು ಹತ್ತುವ ಮೊದಲೇ ಅದನ್ನು ಮಡಚಿ, ಊಟದ ಡಬ್ಬಿಯ ಚೀಲದ ತಳಕ್ಕೆ ತುರುಕುತ್ತಿದ್ದ.

ಒಂದು ರವಿವಾರ ಬೆಳಿಗ್ಗೆ ಎದ್ದು ನೋಡಿದರೆ ಆ ಟೋಪಿ ದೇವರ ಜಗಲಿಯ ಮೇಲೆ ಕೂತಿತ್ತು. ಡಬ್ಬಿ ತೊಳೆಯಲು ಚೀಲ ಬಿಚ್ಚಿದ ಅವನ ತಾಯಿ ಸುಗಲಾಬಾಯಿಗೆ ಅದು ಸಿಕ್ಕಿತ್ತು. ಮನೆದೇವರು ಬಿರೋಬನ ಫೋಟೋದ ಮುಂದೆ ಇಟ್ಟು, ಮೇಲೆ ಒಂದು ಚಿಟಿಕೆ ಭಂಡಾರದ ಅರಿಶಿನ ಹಾಕಿದ್ದಳು. ಪಕ್ಕದ ಮನೆಯ ಗುರಮ್ಮ ಚಹಾ ಕುಡಿಯುತ್ತ ಕೂತಿದ್ದಳು.

“ಏನಪಾ ಅಮೋಗ್ಯಾ, ಮುಕಾದಮ್ ಆದೆಂತಲ್ಲ! ಬಾಯಿ ಸಿಹಿ ಮಾಡೂದಿಲ್ಲೇನು?” ಅಂದಳು ಗುರಮ್ಮ. ಹಳದಿ ಟೋಪಿ ಮೇಸ್ತ್ರಿಯದೇ ಇರಬೇಕು ಅಂತ ತಾಯಿ ಅವಳಿಗೆ ಹೇಳಿಬಿಟ್ಟಿದ್ದಳು.

“ನೋಡ್ ಗುರವ್ವಾ, ಭಂಡಾರದ ಬಣ್ಣದ ಟೋಪಿ ಕಂಡಕಂಡವ್ರಿಗೆ ಕೊಡ್ತಾರೇನು? ಬಿರೋಬಾ ಈಗ ಕಣ್ಣ ತೆರದಾನ ನಮ್ಮ ಮ್ಯಾಲ,” ಅಂದಳು ಸುಗಲಾಬಾಯಿ. ಅವಳ ಮುಖ ಅಷ್ಟು ಅರಳಿದ್ದನ್ನು ಅಮೋಗಸಿದ್ಧ ಬಹಳ ದಿನಗಳಿಂದ ಕಂಡಿರಲಿಲ್ಲ.

“ಹೂಂ,” ಅಂದುಬಿಟ್ಟ. ಅಂದ ಮೇಲೆ ಅವನಿಗೆ ನಿಂತಲ್ಲೇ ನೆಲದೊಳಗೆ ಇಳಿದು ಹೋಗಬೇಕು ಅನ್ನಿಸಿತು. ದಡ್ಡ ಅನ್ನಿಸಿಕೊಂಡದ್ದು ಒಂದು ನಾಚಿಕೆ. ದೇವರ ಮುಂದೆ, ಹಡೆದವಳ ಮುಂದೆ ಸುಳ್ಳಾಡಿದ್ದು ಅದಕ್ಕಿಂತ ದೊಡ್ಡ ನಾಚಿಕೆ.

ಮಧ್ಯಾಹ್ನ ತಂಗಿ ಮನೀಷಾ ಬಂದಳು. ಅವಳನ್ನು ಅಕ್ಕಲಕೋಟೆಗೆ ಕೊಟ್ಟಿದ್ದರು. ಅಲ್ಲಿಯದೇ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ತಾಯಿ ಜೋಳದ ರೊಟ್ಟಿ ಬಡಿಸುತ್ತ ಟೋಪಿಯ ಸುದ್ದಿ ಹೇಳಿದಳು. ಮನೀಷಾ ಟೋಪಿ ನೋಡಿದಳು, ಅಣ್ಣನ ಮುಖ ನೋಡಿದಳು. ಊಟವಾದ ಮೇಲೆ ಅವನ ಹಿಂದೆಯೇ ಕುರಿಹಟ್ಟಿಗೆ ಬಂದಳು.

“ಖರೇ ಹೇಳಣ್ಣಾ. ಮುಕಾದಮ್ ಆದಾವನ ಮಾರಿ ಹಿಂಗ ಇರತೈತೇನು?”

ಅಮೋಗಸಿದ್ಧ ಒಂದು ಮರಿಯ ಕಿವಿ ಸವರುತ್ತ ನಿಂತ.

“ನಾ ದಡ್ಡ ಅದೀನಿ ತಂಗೀ. ಅದು ದಡ್ಡರ ಟೋಪಿ. ಮೂರ ಸರ್ತಿ ಟ್ರೇನಿಂಗಿಗೆ ಕುಂದ್ರಿಸ್ಯಾರ. ಇನ್ನೊಂದು ಚೂಕ ಆದ್ರ ಮನೀಗೆ ಹೋಗು ಅಂದಾನ ಯೋಗಿರಾಜ ಶೇಠ.”

“ಎಂಥಾ ತಪ್ಪು?”

“ಒಂದು ಖೋಕಾದಾಗ ಆರು ಟಾವೆಲ್ ಹಾಕೂದು, ಒಂದರಾಗ ಹತ್ತು. ಗಿರಾಕಿ ಬೇಡಿದಂಗ. ಯಾವುದು ಅಂತ ಶೇಠ ಮಗ್ಗದ ಬಾಗಲದಾಗ ನಿಂತು ಮರಾಠಿಯೊಳಗ ಒದರ್ತಾನ. ನಾ ಹತ್ತು ಇದ್ದಲ್ಲಿ ಆರು ಹಾಕ್ತೀನಿ, ಆರು ಇದ್ದಲ್ಲಿ ಹತ್ತು.”

ಮನೀಷಾ ಬಾಯಲ್ಲೇ ಹೇಳಿ ನೋಡಿದಳು. ಮರಾಠಿಯಲ್ಲಿ ಆರು ಅಂದರೆ ಸಹಾ. ಹತ್ತು ಅಂದರೆ ದಹಾ.

“ಸಹಾ... ದಹಾ... ಮಗ್ಗ ನಡದಾಗ ಒದರ್ತಾನೇನು?”

“ಮತ್ತ? ಮಗ್ಗ ಯಾವಾಗ ನಿಲ್ತಾವ? ಎಲ್ಲಾರದಕಿಂತ ನನ್ನ ಟೇಬಲ್ ಮಗ್ಗಕ್ಕ ಹತ್ತರ. ಮೊದಲಿನ ಅಕ್ಷರ ಖಟಖಟದೊಳಗ ಹೋಗಿಬಿಡತೈತಿ. ನನಗ ಬರೂದು ಬರೇ ‘ಹಾ’.”

“ಇನ್ನೊಮ್ಮೆ ಕೇಳಬೇಕಿಲ್ಲೋ?”

“ಕೇಳಿದ್ನಿ. ಕಿವುಡಾ ಅಂದ, ಎಲ್ಲಾರೂ ನಕ್ಕರು. ಆಮ್ಯಾಲ ಕೇಳೂದ ಬಿಟ್ಟೆ. ತಿಳದಂಗ ಹಾಕ್ತೀನಿ.”

“ಟ್ರೇನಿಂಗಿನ್ಯಾಗ ಏನ್ ಕಲಸ್ತಾರ?”

“ಎಣಸೂದು, ಮಡಚೂದು, ಲಕ್ಷ್ಯ ಕೊಡೂದು. ಕಡೀಕೆ ಮ್ಯಾಲ ಆಫೀಸಿನ್ಯಾಗ ಪರೀಕ್ಷಾ. ಅದರಾಗ ನಂದು ಎಲ್ಲಾ ಬರೋಬರಿ ಬರತೈತಿ, ಅದs ನನಗ ತಿಳಿಯೂದಿಲ್ಲ. ಮರುದಿನ ಹಾಲ್‌ನ್ಯಾಗ ನಿಂತ್ರ ಮತ್ತ ಚೂಕ.”

ಮನೀಷಾ ಹಣೆ ಬಡಿದುಕೊಂಡಳು. “ಅಣ್ಣಾ, ಪರೀಕ್ಷಾದಾಗ ಬರತೈತಿ, ಹಾಲ್‌ನ್ಯಾಗ ಬರೂದಿಲ್ಲ ಅಂದ್ರ ನಿನಗ ಕೆಲಸಾ ಬರೂದಿಲ್ಲ ಅಂತಲ್ಲ. ನೀ ನಿಂತ ಜಾಗಾನ ಸರಿ ಇಲ್ಲ. ಬರೂ ಕೆಲಸಾ ಎಷ್ಟ ಸರ್ತಿ ಕಲಿಸಿದ್ರ ಏನು ಬಂತು?”

ಹಿಂದೆ ಸಪ್ಪಳವಾಯಿತು. ಮೇವಿನ ಬುಟ್ಟಿ ಹಿಡಿದು ಸುಗಲಾಬಾಯಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಏನೋ.

“ನಾ ಅದನ್ನ ಓಣಿ ತುಂಬ ತೋರಿಸಿ ಬಂದೀನಲ್ಲೋ,” ಅಂದಳು. ಬುಟ್ಟಿ ಅಲ್ಲೇ ಇಟ್ಟು ಕಲ್ಲಿನ ಮೇಲೆ ಕೂತಳು. ಸೆರಗು ಬಾಯಿಗೆ ಹೋಯಿತು. ಅಮೋಗಸಿದ್ಧ ತಲೆ ಎತ್ತಲಿಲ್ಲ.

ಆಮೇಲೆ ಅವಳಿಗೆ ಸಿಟ್ಟು ಬಂತು. “ಅಲ್ಲ ಮನೀಷಾ, ನೀ ಅಣ್ಣನ್ನ ವಹಿಸ್ಕೊಂಡು ಮಾತಾಡಬ್ಯಾಡ. ಮೂರ ಸರ್ತಿ ಕಲಿಸಿದ್ರೂ ಬರಲಿಲ್ಲಂದ್ರ ಇವನ ಲಕ್ಷ್ಯ ಎಲ್ಲಿರತೈತಿ? ನಾಕನೇ ಸರ್ತಿ ಕಲೀಲಿ!”

“ಯವ್ವಾ, ನಮ್ಮ ದವಾಖಾನ್ಯಾಗ ನಾನೂ ಹಿಂಗs ಬೈಸ್ಕೊಂಡು ಅತ್ತೀನಿ. ಎರಡು ಔಷಧದ ಬಾಟ್ಲಿ ನೋಡಾಕ ಒಂದs ನಮೂನಿ, ಒಂದs ಟ್ರೇದಾಗ ಇಡ್ತಿದ್ರು. ಗಡಿಬಿಡಿಯೊಳಗ ಕೈ ತಪ್ಪಿ ಬ್ಯಾರೇದು ಬರ್ತಿತ್ತು. ನಮ್ಮ ಪುಣ್ಯಾ, ಸೂಜಿ ಚುಚ್ಚೂ ಮೊದಲs ಗೊತ್ತಾಗತಿತ್ತು. ಕ್ಲಾಸ್ ತಗೊಂಡ್ರು, ಬೈದ್ರು, ಮತ್ತ ಕ್ಲಾಸ್ ತಗೊಂಡ್ರು. ಕಡೀಕೆ ದೊಡ್ಡ ಸಿಸ್ಟರ್ ಒಂದು ಬಾಟ್ಲಿ ಕೆಂಪು ಟ್ರೇದಾಗ ಈ ಕಡಿ ಇಟ್ರು, ಇನ್ನೊಂದು ಬಿಳೇ ಟ್ರೇದಾಗ ಆ ಕಡಿ ಇಟ್ರು. ಮುಗೀತು. ನಾವೇನು ಒಂದs ದಿನದಾಗ ಶಾಣ್ಯಾರಾದ್ವೇನು? ನಾವು ಅವರs. ಬಾಟ್ಲಿ ಜಾಗಾ ಬದಲಾತು, ಅಷ್ಟs.”

ಸುಗಲಾಬಾಯಿ ಬುಟ್ಟಿ ಎತ್ತಿ ಮೇವು ಕುರಿಗಳ ಮುಂದೆ ಸುರಿದಳು. ಮನೀಷಾ ಅಣ್ಣನ ಕಡೆ ತಿರುಗಿದಳು. “ನಿನ್ನ ಟೇಬಲ್ ಮ್ಯಾಲ ಎರಡು ಬಲ್ಬ್ ಹಾಕಸಾಕ ಹೇಳು. ಒಂದು ಹತ್ತಿದ್ರ ಆರು, ಇನ್ನೊಂದು ಹತ್ತಿದ್ರ ಹತ್ತು. ಬಟನ್ ಶೇಠನ ಕೈಯಾಗ. ಕಣ್ಣಿಗೆ ಮಗ್ಗದ ಸಪ್ಪಳ ಅಡ್ಡ ಬರೂದಿಲ್ಲ.”

“ನಾ ಹೇಳಿದ್ರ ನೆವಾ ಹೇಳ್ತಾನ ಅಂತಾರ.”

“ಮೊದಲs ಹೇಳಬ್ಯಾಡ. ಅವನ್ನ ನಿನ್ನ ಜಾಗಾದಾಗ ನಿಂದ್ರಿಸು.”

ಹೇಳುವುದು ಸುಲಭ. ಸೋಮವಾರ ಬಸ್ಸಿನಲ್ಲಿ ಅಮೋಗಸಿದ್ಧನಿಗೆ ಧೈರ್ಯ ಉಳಿದಿರಲಿಲ್ಲ. ಕೆಲಸ ಬಿಟ್ಟು ಕುರಿ ಹಿಂದೆ ಹೋಗಿಬಿಟ್ಟರೆ ಹೇಗೆ ಅಂತಲೇ ಯೋಚಿಸುತ್ತಿದ್ದ. ಹಾಲಿಗೆ ಕಾಲಿಟ್ಟರೆ ಯೋಗಿರಾಜ ಕಾಯುತ್ತಿದ್ದ. ಅವನು ಮಾಲಕರ ಕಿರಿಮಗ, ಸೋಲಾಪುರದ ವ್ಯಾಪಾರಸ್ಥರ ಮನೆಯ ಹುಡುಗ. ಮನೆಯಲ್ಲಿ ಕನ್ನಡ, ಕಾರ್ಖಾನೆಯಲ್ಲಿ ಮರಾಠಿ, ಬೈಯುವುದಾದರೆ ಎರಡೂ. ಅವನ ಕೈಯಲ್ಲಿ ಮಂಗಳವೇಢೆಯ ಅಂಗಡಿಯಿಂದ ವಾಪಸ್ ಬಂದ ಖೋಕಾ ಇತ್ತು. ಹತ್ತು ಇರಬೇಕಾದಲ್ಲಿ ಆರು.

“ಕಿವ್ಯಾಗ ಉಣ್ಣಿ ತುಂಬಕೊಂಡು ಬರ್ತಿಯೇನೋ? ಕುರಿ ಕಾಯಾವ್ರಿಗೆ ಕೆಲಸಾ ಕೊಟ್ಟದ್ದು ನಂದs ತಪ್ಪು,” ಅಂದ, ಎಲ್ಲರಿಗೂ ಕೇಳುವ ಹಾಗೆ.

ನೀಲಿ ಟೋಪಿಗಳು ನಕ್ಕವು. ಅಮೋಗಸಿದ್ಧನ ಕಿವಿಗಳು ಸುಡುತ್ತಿದ್ದವು. ಹೇಗಿದ್ದರೂ ಕೆಲಸ ಹೋಯಿತು, ಇನ್ನು ಹೆದರುವುದೇನು ಅನ್ನಿಸಿತು.

“ಮಾಲಕ್ರ, ಹೋಗ್ತೀನ್ರಿ. ಹೋಗೂ ಮುಂದ ಒಂದು ಮಾತು. ನೀವು ನನ್ನ ಟೇಬಲ್ ಹತ್ತರ ನಿಂದರ್ರಿ. ನಾ ನಿಮ್ಮ ಜಾಗಾದಾಗ ನಿಂತು ಒದರ್ತೀನಿ.”

“ನನಗ ಪರೀಕ್ಷಾ ಹಿಡೀತಿಯೇನು?” ಯೋಗಿರಾಜ ನಕ್ಕ. ಆದರೆ ಎಲ್ಲರೂ ನೋಡುತ್ತಿದ್ದರು. ತೋಳು ಮಡಚಿಕೊಂಡು ಟೇಬಲ್ ಹತ್ತಿರ ಹೋಗಿ ನಿಂತ.

ಅಮೋಗಸಿದ್ಧ ಮಗ್ಗದ ಬಾಗಿಲಿಗೆ ಹೋದ. ಪ್ಯಾಕಿಂಗಿನ ನಂದಾಳಿಗೆ ಎಷ್ಟು ಅಂತ ಬೆರಳಿನಲ್ಲಿ ತೋರಿಸಿ, ಎದೆ ತುಂಬ ಗಾಳಿ ಎಳೆದು ಒದರಿದ: “ದಹಾ!” ಯೋಗಿರಾಜ ಟವೆಲ್ ಎಣಿಸಿ ಖೋಕಾ ಮುಚ್ಚಿದ. ಮತ್ತೆ ಒದರಿದ: “ಸಹಾ!” ಮತ್ತೆ ಖೋಕಾ ತುಂಬಿತು. ಮೂರನೆಯ ಸಲ ಯೋಗಿರಾಜ ಕಿವಿಗೆ ಕೈ ಹಚ್ಚಿ “ಆಂ?” ಅಂದ. ಅಂದವನು ಹಾಗೇ ನಿಂತ. ತಾನು ಕಿವುಡಾ ಅಂತ ಬೈದದ್ದು ಇದೇ ‘ಆಂ’ಗೆ ಅಂತ ಅವನಿಗೇ ಹೊಳೆಯಿತು.

ನಂದಾ ಖೋಕಾ ತೆರೆದಳು. ಮೊದಲಿನದರಲ್ಲಿ ಆರು, ಎರಡನೆಯದರಲ್ಲೂ ಆರು.

ಯಾರೂ ನಗಲಿಲ್ಲ. ಮಗ್ಗಗಳು ಮಾತ್ರ ಬಡಿದುಕೊಳ್ಳುತ್ತಿದ್ದವು. ನಂದಾ ಯೋಗಿರಾಜನ ಕಿವಿಯ ಹತ್ತಿರ ಬಾಯಿ ಇಟ್ಟು ಕೇಳಿದಳು:

“ಹಂಗಾದ್ರ ಸಾತಲಿಂಗಪ್ಪ ಕಾಕಾನ್ನ ಯಾಕ ಕಳಿಸಿದ್ರಿ?”

ಸಾತಲಿಂಗಪ್ಪ ಅದೇ ಟೇಬಲಿನಲ್ಲಿ ಅಮೋಗಸಿದ್ಧನಿಗಿಂತ ಮೊದಲು ನಿಲ್ಲುತ್ತಿದ್ದ ಹಿರಿಯ. ಅವನಿಗೂ ಹಳದಿ ಟೋಪಿ ಹಾಕಿದ್ದರು. ಕಿವುಡ ಅಂದು ಮನೆಗೆ ಕಳಿಸಿದ್ದರು. ಯೋಗಿರಾಜ ಆಫೀಸಿನ ಮೆಟ್ಟಿಲು ಹತ್ತಿ ಹೋದ. ಅಮೋಗಸಿದ್ಧನಿಗೆ ಗೆದ್ದ ಖುಷಿ ಬರಲಿಲ್ಲ. ಸಾತಲಿಂಗಪ್ಪನ ತಲೆಗೆ ಟೋಪಿ ಹಾಕಿದ ದಿನ ನಕ್ಕವರಲ್ಲಿ ತಾನೂ ಒಬ್ಬ ಅನ್ನುವುದು ಅವನಿಗೆ ಆಗ ನೆನಪಾಯಿತು.

ಸಂಜೆ ಯೋಗಿರಾಜ ಕೆಳಗೆ ಬಂದ. “ಮತ್ತ ಏನ್ ಮಾಡೋಣಂತಿ? ಕನ್ನಡದಾಗ ಒದರ್ಲೇನು?”

“ಕನ್ನಡದಾಗ ಒದರಿದ್ರ ನಮ್ಮ ಜೋಡಿ ಇರೂ ತೆಲುಗಿನ ಮಂದಿ ಏನ್ ಮಾಡ್ಬೇಕ್ರಿ?” ಅಂದ ಅಮೋಗಸಿದ್ಧ. ತಂಗಿ ಹೇಳಿದ ಬಲ್ಬಿನ ಮಾತು ಹೇಳಿದ.

ಕಾರ್ಖಾನೆಯ ಇಲೆಕ್ಟ್ರಿಶಿಯನ್ ಆಕಾಶ ಎರಡು ಬಲ್ಬ್ ಹಾಕಿದ. ಒಂದರ ಕೆಳಗೆ ಆರು ಟವೆಲಿನ ಚಿತ್ರ, ಇನ್ನೊಂದರ ಕೆಳಗೆ ಹತ್ತರದು. ಓದು ಬರದವರಿಗೂ ತಿಳಿಯಬೇಕಲ್ಲ. ಅವತ್ತಿನಿಂದ ಒಂದೂ ತಪ್ಪಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂದು ದಿನ ಬಲ್ಬೇ ಸುಟ್ಟು ಗೊಂದಲವಾಯಿತು. ಆಗ ಬಲ್ಬ್ ಬದಲಿಸಿದರು, ಯಾರ ತಲೆಗೂ ಟೋಪಿ ಹಾಕಲಿಲ್ಲ. ಖೋಕಾ ವಾಪಸ್ ಬರುವುದು ಅಪರೂಪವಾಯಿತು. ಅಮೋಗಸಿದ್ಧನ ಕೆಲಸ ಉಳಿಯಿತು.

ಮುಂದಿನ ರಜೆಯ ದಿನ ಯೋಗಿರಾಜ ಅವನನ್ನು ಸೋಲಾಪುರಕ್ಕೆ ಕರೆಸಿಕೊಂಡ. “ಸಾತಲಿಂಗಪ್ಪನ ಮನೀ ತೋರಸು,” ಅಂದ.

ಸಾತಲಿಂಗಪ್ಪ ಬಾಗಿಲಲ್ಲಿ ಕೂತಿದ್ದ. ಸೊಸೆ ಒಳಗಿನಿಂದಲೇ ಕೂಗಿದಳು: “ಮಾವಗ ಕಿವಿ ಮಂದ ಐತ್ರಿ, ಜೋರಾಗಿ ಮಾತಾಡ್ರಿ! ಕಾರಖಾನ್ಯಾಗ ಅದಕ್ಕs ಬ್ಯಾಡಂದಾರ!”

ಯೋಗಿರಾಜ ಮುದುಕನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಕಣ್ಣು ನೆಲದ ಮೇಲಿತ್ತು. ತುಟಿ ಅಲುಗಿತೋ ಇಲ್ಲವೋ ಅನ್ನುವಷ್ಟು ಸಣ್ಣ ದನಿಯಲ್ಲಿ ಅಂದ, “ಕಾಕಾ, ನಿಮ್ಮ ಕಿವೀದು ಚೂಕ ಅಲ್ರಿ. ನಂದು ಚೂಕ.”

ಪಕ್ಕದಲ್ಲೇ ನಿಂತ ಅಮೋಗಸಿದ್ಧನಿಗೇ ಅದು ಸರಿಯಾಗಿ ಕೇಳಿಸಲಿಲ್ಲ.

ಸಾತಲಿಂಗಪ್ಪ ಒಳಬಾಗಿಲ ಕಡೆ ಕೈ ತೋರಿಸಿದ. “ನನಗ ಕೇಳಿಸ್ತು,” ಅಂದ. “ಒಳಗಿದ್ದವ್ರಿಗೆ ಕೇಳಿಲ್ಲ. ಅವ್ರಿಗೆ ಕೇಳೂವಂಗ ಹೇಳಪಾ.”

ಯೋಗಿರಾಜ ಎದ್ದು ನಿಂತ. ಹಾಲಿನಲ್ಲಿ ಒದರುತ್ತಿದ್ದ ಅದೇ ದನಿಯಲ್ಲಿ ಒದರಿ ಹೇಳಿದ. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಸೊಸೆ ಹೊರಗೆ ಬಂದು ನಿಂತಳು, ಹಿಟ್ಟಿನ ಕೈ ಹಾಗೇ ಇತ್ತು. ಅಮೋಗಸಿದ್ಧ ಬಗ್ಗಿ ಮುದುಕನ ಕಾಲು ಮುಟ್ಟಿದ. ಯಾಕೆ ಅಂತ ಮುದುಕ ಕೇಳಲಿಲ್ಲ.

ಇದನ್ನು ಕೇಳುತ್ತಿರುವ ಅಣ್ಣಾ, ಅಕ್ಕಾ, ನಿಮ್ಮ ಕೈಕೆಳಗೂ ಯಾರೋ ಇದ್ದಾರೆ. ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ, ಉಳಿತಾಯದ ಬಚತ ಗಟದಲ್ಲಿ, ಮನೆಯಲ್ಲೇ ಇರಬಹುದು. ಅವರು ತಪ್ಪು ಮಾಡಿದಾಗ ಬಾಯಿಗೆ ಬಂದದ್ದು ಅನ್ನುವ ಮೊದಲು ಒಂದೇ ಒಂದು ಸಲ ಅವರ ಜಾಗದಲ್ಲಿ ನಿಂತು ನೋಡಿ. ಅಲ್ಲಿ ಬೆಳಕಿದೆಯೇ? ಹೇಳಿದ್ದು ಕೇಳಿಸುತ್ತದೆಯೇ? ಸಾಮಾನು ಕೈಗೆ ಎಟುಕುತ್ತದೆಯೇ? ಕೆಲಸ ಗೊತ್ತಿಲ್ಲದವರಿಗೆ ಕಲಿಸಿ, ಕಲಿಸಲೇಬೇಕು. ಗೊತ್ತಿದ್ದವರಿಗೆ ಮತ್ತೆ ಮತ್ತೆ ಕಲಿಸುವುದು ಕಲಿಸುವುದಲ್ಲ, ಅವಮಾನ ಮಾಡುವುದು. ಅವರಿಗೆ ಒಂದು ಬಲ್ಬ್ ಹಾಕಿಕೊಡಿ, ಗೋಡೆಗೆ ಒಂದು ಚಿತ್ರ ಹಚ್ಚಿ, ಅಜ್ಜಿಯ ಬೆಳಗಿನ ಗುಳಿಗೆ, ರಾತ್ರಿಯ ಗುಳಿಗೆ ಬೇರೆ ಬೇರೆ ಡಬ್ಬಿಯಲ್ಲಿ ಇಡಿ.

ತಪ್ಪು ಮಾಡಿ ಬೈಸಿಕೊಳ್ಳುತ್ತಿರುವವರೇ, ನೀವೂ ಬಾಯಿ ಬಿಡಿ. ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನಿ. ಕಾಣದಿದ್ದರೆ ಕಾಣಲಿಲ್ಲ ಅನ್ನಿ. ಅದನ್ನು ಹೇಳುವುದಕ್ಕೆ ನಾಚಬೇಡಿ. ನಾಚಬೇಕಾದವರು ಬೇರೆ ಇದ್ದಾರೆ.