ಮಲಗಿರಲಿ ಬಿಡು

ನಮ್ಮ ಬಡಾವಣೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲ ಫೋನು ಬರುವುದು ನನಗೇ. ಪುರುಷೋತ್ತಮನ ಕಿವಿಗೆ ಹಾಕಿದರೆ ಸಾಕು, ಗಾಡಿ, ಪುರೋಹಿತರು, ಹೆಣ ಇಡುವ ಫ್ರೀಜರ್ ಬಾಕ್ಸು ಎಲ್ಲ ತಾನಾಗಿ ಬಂದು ನಿಲ್ಲುತ್ತದೆ ಎಂದು ರಾಜಾಜಿನಗರದಲ್ಲಿ ನನಗೆ ಹೆಸರಿದೆ. ಆ ಹೆಸರಿನ ಬಗ್ಗೆ ಕೊಂಚ ಜಂಬವೂ ಇತ್ತು. ಯಾಕೆ ಸುಳ್ಳು ಹೇಳಲಿ, ಕೊಂಚವಲ್ಲ, ಬೇಕಾದಷ್ಟಿತ್ತು.

ಹೋದ ಡಿಸೆಂಬರಿನಲ್ಲಿ ನಾವು ಮೂವರು ಗೆಳೆಯರು ಕ್ಯಾರವಾನ್ ಬಾಡಿಗೆಗೆ ಹಿಡಿದು ಕುಂದಾಪುರದ ಆಚೆ ಕಡಲತೀರಕ್ಕೆ ಹೋದೆವು. ನಾನು, ದೇವೇಂದ್ರಪ್ಪ, ಶ್ಯಾಮಸುಂದರ. ಹೈಸ್ಕೂಲಿನಿಂದ ಜೊತೆಗಿದ್ದವರು, ಮೂವರೂ ಈಗ ರಿಟೈರಾದವರು. ಹೋಗಿದ್ದು ಶ್ಯಾಮನಿಗಾಗಿ. ಅವನ ಹೆಂಡತಿ ಜಲಜಮ್ಮ ಸ್ಟ್ರೋಕ್ ಆಗಿ ಹಾಸಿಗೆ ಹಿಡಿದು ಆರು ವರ್ಷವಾಗಿತ್ತು. ಮಾತು ಹೋಗಿತ್ತು; ಕಣ್ಣು, ಕಿವಿ, ಬುದ್ಧಿ ಎಲ್ಲ ನೆಟ್ಟಗಿತ್ತು. ಮಕ್ಕಳಿಲ್ಲ. ಎರಡು ಗಂಟೆಗೊಮ್ಮೆ, ರಾತ್ರಿಯೂ ಎದ್ದು ಅವರ ಮಗ್ಗುಲು ಬದಲಿಸುತ್ತಿದ್ದವನು ಇವನೊಬ್ಬನೇ. ಜಲಜಮ್ಮನ ತಂಗಿ ರಾಗಿಣಿ ಬಂದು, "ನಾಲ್ಕು ದಿನ ನಾನು ನೋಡ್ಕೋತೀನಿ ಭಾವ, ಹೋಗ್ಬನ್ನಿ" ಎಂದರೂ ಅವನು ಒಪ್ಪಿರಲಿಲ್ಲ. ಕೊನೆಗೆ ಜಲಜಮ್ಮನೇ ಆಡುವ ಒಂದು ಕೈಯಲ್ಲಿ ಹೋಗು ಹೋಗು ಎಂದು ಸನ್ನೆ ಮಾಡಿ ಅಟ್ಟಿದರು.

ಎರಡನೆಯ ದಿನ ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ಬಿದ್ದುಕೊಳ್ಳುವುದು ಎಂದು ದೇವೇಂದ್ರಪ್ಪ ಠರಾವು ಮಾಡಿದ್ದ. ಡ್ರೈವರ್ ರವಿಕುಮಾರ್ ಗಾಳಿಮರಗಳ ಕೆಳಗೆ ಗಾಡಿ ನಿಲ್ಲಿಸಿ ಇನ್ನೂ ಮಲಗಿದ್ದ. ಶ್ಯಾಮ ಅಭ್ಯಾಸಬಲದಿಂದ ನಾಲ್ಕೂವರೆಗೇ ಎದ್ದು, ಕಾಫಿ ಕುಡಿದು, ಮರಳಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಸಮುದ್ರ ನೋಡುತ್ತ ಕೂತಿದ್ದವನು ಹಾಗೇ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ.

ಏಳು ಗಂಟೆಗೆ, ಗಾಡಿಯೊಳಗೆ ಚಾರ್ಜಿಗಿಟ್ಟಿದ್ದ ಅವನ ಫೋನು ಹೊಡೆದುಕೊಂಡಿತು. ನಾನೇ ತೆಗೆದೆ. ರಾಗಿಣಿ.

"ಅಕ್ಕಂಗೆ ಯಾಕೋ ಸ್ವಲ್ಪ ಹುಷಾರಿಲ್ಲ. ಭಾವನ್ನ ಕರ್ಕೊಂಡು ಹೊರಟ್ಬಿಡಿ. ಅವ್ರಿಗೆ ಏನೂ ಹೇಳೋಕೆ ಹೋಗ್ಬೇಡಿ, ಗಾಬರಿ ಬೀಳ್ತಾರೆ" ಎಂದರು. ಆಮೇಲೆ ಬಿಕ್ಕಿದ್ದು ಕೇಳಿಸಿತು. ಫೋನು ಕಟ್ಟಾಯಿತು.

ನನಗೆ ಗೊತ್ತಾಗಿ ಹೋಯಿತು. ನಮ್ಮಲ್ಲಿ ಸತ್ತ ಸುದ್ದಿಯನ್ನು ಫೋನಿನಲ್ಲಿ ಯಾರು ನೇರವಾಗಿ ಹೇಳುತ್ತಾರೆ? ನಮ್ಮಪ್ಪ ಹೋದಾಗ ಹುಬ್ಬಳ್ಳಿಯಲ್ಲಿದ್ದ ನನಗೆ ಚಿಕ್ಕಪ್ಪ, ಅಪ್ಪನಿಗೆ ಜ್ವರ, ಬಾ ಎಂದಿದ್ದರು. ನಾನು ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದಿದ್ದೆ. ಆಮೇಲೆ ನಾನೇ ಎಷ್ಟು ಜನ ಮಕ್ಕಳಿಗೆ, ಗಂಡಂದಿರಿಗೆ, ಸ್ವಲ್ಪ ಹುಷಾರಿಲ್ಲ ಎಂದು ಫೋನು ಮಾಡಿದ್ದೇನೋ ಲೆಕ್ಕವಿಲ್ಲ. ಆ ದನಿ ನನಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು?

"ಹೊರಡೋಣ್ವಾ?" ದೇವೇಂದ್ರಪ್ಪ ಆಗಲೇ ಎದ್ದು ನಿಂತಿದ್ದ.

"ಹೊರಟು ಏನ್ ಮಾಡ್ತೀಯ? ಹೋದವ್ರು ಹೋದ್ರು. ಅವನು ನೆಟ್ಟಗೆ ನಿದ್ದೆ ಮಾಡಿ ಆರು ವರ್ಷ ಆಯ್ತು ಕಣಯ್ಯ. ಎದ್ರೆ ಇನ್ನು ಹದಿಮೂರು ದಿನ ಉಸಿರಾಡೋಕೂ ಬಿಡಲ್ಲ ಜನ. ಮಲಗಿರ್ಲಿ ಬಿಡು."

"ಆದ್ರೂ ವಾಪಸ್ ಫೋನ್ ಮಾಡಿ ಒಂದ್ಮಾತು ಕೇಳು."

"ಆ ಹೆಣ್ಮಗಳ ಬಾಯಿಂದ ಬಿಡಿಸಿ ಹೇಳಿಸ್ಬೇಕಾ? ನಂಗೇನ್ ಇದು ಹೊಸದಾ?" ನಾನು ರೇಗಿದೆ. ನಾನು ರೇಗಿದರೆ ದೇವೇಂದ್ರಪ್ಪ ಸುಮ್ಮನಾಗುತ್ತಾನೆ. ಅವತ್ತೂ ಸುಮ್ಮನಾದ.

ಯಾರಾದರೂ ನೆಂಟರು ಬಾಯಿ ತಪ್ಪಿ ಹೇಳಿಬಿಟ್ಟಾರೆಂದು ಶ್ಯಾಮನ ಫೋನು ಆಫ್ ಮಾಡಿದೆ. ಆಮೇಲೆ ಫ್ರೀಜರ್ ಬಾಕ್ಸ್ ಬಾಡಿಗೆಗೆ ಕೊಡುವ ಹೊಸಹಳ್ಳಿಯ ಮುನಿಯಣ್ಣನಿಗೆ ಫೋನು ಹಚ್ಚಿ, ಹತ್ತು ಗಂಟೆಯೊಳಗೆ ಶ್ಯಾಮನ ಮನೆಗೆ ಒಂದು ಕಳಿಸು ಎಂದು ವಿಳಾಸ ಕೊಟ್ಟೆ. ನನ್ನ ಮಾತೆಂದರೆ ಮುನಿಯಣ್ಣ ಎರಡನೆಯ ಪ್ರಶ್ನೆ ಕೇಳುವವನಲ್ಲ.

ಮೂರು ಗಂಟೆ ಅವನ ಪಕ್ಕದಲ್ಲೇ ಕೂತಿದ್ದೆ. ಬಿಸಿಲು ಮುಖಕ್ಕೆ ಬಂದಾಗ ಛತ್ರಿ ಬಿಚ್ಚಿ ಹಿಡಿದೆ. ಬಳಿ ಬಂದ ನಾಯಿಯನ್ನು ಸದ್ದಿಲ್ಲದೆ ಅಟ್ಟಿದೆ. ಒಬ್ಬ ಗೆಳೆಯ ಇನ್ನೊಬ್ಬನಿಗೆ ಇದಕ್ಕಿಂತ ಹೆಚ್ಚೇನು ಮಾಡಬಲ್ಲ ಎನ್ನಿಸಿ ನನ್ನ ಕಣ್ಣೇ ತುಂಬಿ ಬಂತು.

ಹತ್ತರ ಸುಮಾರಿಗೆ ಅವನು ಎದ್ದ. "ಎಷ್ಟೊತ್ತಾಯ್ತೋ? ಅಯ್ಯೋ, ಹತ್ತಾ? ನೀನು ಎಬ್ಬಿಸ್ಲಿಲ್ವಲ್ಲ, ಪುಣ್ಯ ಬರ್ಲಿ ಕಣೋ ನಿಂಗೆ!" ಎಂದು ನಕ್ಕ. ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದದ ನೀರಿಗಿಳಿದ. ಹೇಗೆ ಹೇಳಲಿ ಎಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದಾಗ ಮುನಿಯಣ್ಣನ ಫೋನು ಬಂತು.

"ಏನಣ್ಣ ಹಿಂಗ್ ಮಾಡ್ಬಿಟ್ರಿ? ಬಾಗಿಲು ತೆಗ್ದೈತೆ ಅಂತ ನಮ್ಮೋರು ಸೀದಾ ಹಾಲ್‌ಗೆ ಬಾಕ್ಸ್ ತಂದ್ ಇಟ್ಬಿಟ್ರು. ಆಯಮ್ಮ ಮಂಚದ್ಮೇಲೆ ಕಣ್ ಬಿಟ್ಕೊಂಡು ಅದನ್ನೇ ನೋಡ್ತಾವ್ರೆ ಅಣ್ಣ!"

ಫೋನು ರಾಗಿಣಿಯ ಕೈಗೆ ಹೋಯಿತು. ಅವರು ಕೂಗಾಡಲಿಲ್ಲ. "ಅಕ್ಕನ ತಲೆ ಹತ್ರಾನೇ ನಿಂತು ಮಾತಾಡಿದ್ದೆ. ಅವಳಿಗೆ ಕೇಳ್ಸುತ್ತಲ್ಲ, ಅದಕ್ಕೇ ಬಿಡಿಸಿ ಹೇಳ್ಲಿಲ್ಲ. ಇವತ್ತು ದಾಟೋದು ಕಷ್ಟ ಅಂದಿದಾರೆ ಡಾಕ್ಟ್ರು. ಬೆಳಿಗ್ಗೆಯಿಂದ ಬಾಗಿಲನ್ನೇ ನೋಡ್ತಾ ಇದಾಳೆ. ಭಾವನ ಫೋನ್ ಹತ್ತುತ್ತಲೇ ಇಲ್ಲ, ಎಲ್ಲಿದೀರ ಈಗ? ಘಾಟಿ ದಾಟಿದ್ರಾ?"

"ಇನ್ನೂ ಹೊರಟಿಲ್ಲಮ್ಮ" ಎಂದೆ.

ಶ್ಯಾಮ ಒದ್ದೆ ಪ್ಯಾಂಟಿನಲ್ಲೇ ಗಾಡಿ ಹತ್ತಿದ. ಈಗಷ್ಟೇ ಫೋನು ಬಂತು ಎಂದು ಅವನಿಗೆ ಹೇಳಿದೆ. ನಿಜ ಹೇಳುವ ಧೈರ್ಯ ಬರಲಿಲ್ಲ. ರವಿಕುಮಾರ್ ಊಟಕ್ಕೂ ನಿಲ್ಲಿಸದೆ ಓಡಿಸಿದ. ರಾಗಿಣಿ ಅಕ್ಕನ ಕಿವಿಗೆ ಫೋನು ಹಿಡಿಯುವರು, ಇವನು ಇಲ್ಲಿಂದ, "ಬಂದೆ ಜಲಜಾ, ಬಂದ್ಬಿಟ್ಟೆ" ಎನ್ನುವನು. ಘಾಟಿಯಲ್ಲಿ ಸಿಗ್ನಲ್ ಹೋಯಿತು. ಆಗಲೂ ಅವನು ಫೋನು ಕೆಳಗಿಡದೆ ಅದೇ ಮಾತು ಹೇಳುತ್ತಿದ್ದ. ದೇವೇಂದ್ರಪ್ಪ ನನ್ನ ಮುಖ ನೋಡಲಿಲ್ಲ.

ತಿಪಟೂರು ದಾಟುವಾಗ, ಆರು ಗಂಟೆಗೆ, ಜಲಜಮ್ಮ ಹೋದರು.

ಮನೆ ಮುಟ್ಟಿದಾಗ ಎಂಟೂವರೆ. ಹಾಲಿನಲ್ಲಿ ಜನ ದಾರಿ ಬಿಟ್ಟರು. ಶ್ಯಾಮ ಹೆಂಡತಿಯ ಪಕ್ಕ ಕೂತು, ಟವೆಲಿನ ತುದಿಯಿಂದ ಅವರ ಬಾಯಿಯ ಅಂಚು ಒರೆಸಿದ. ರಾಗಿಣಿ ಬಗ್ಗಿ ಅವನ ಕಿವಿಯಲ್ಲಿ ತುಂಬ ಹೊತ್ತು ಏನೋ ಹೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಅವನು ಎದ್ದು ನನ್ನ ಹತ್ತಿರ ಬಂದ.

"ಏಳಕ್ಕೇ ಫೋನ್ ಬಂದಿತ್ತಾ?"

"ಹೂಂ."

"ಏಳಕ್ಕೇ ಹೊರಟಿದ್ರೆ ಐದು, ಐದೂವರೆಗೆಲ್ಲ ಬಂದ್ಬಿಡ್ತಿದ್ವಿ."

"ಶ್ಯಾಮ, ನಾನು ತಿಳ್ಕೊಂಡಿದ್ದು..."

"ಆ ಡಬ್ಬ ನೋಡಿ ಅವಳು ಅತ್ತಳಂತೆ ಕಣೋ" ಎಂದ. ದನಿ ಏರಿಸಲಿಲ್ಲ. "ನೀನು ಮನೆಗೆ ಹೋಗು ಪುರುಷೋತ್ತಮ. ನಾಳೆ ಬರ್ಬೇಡ. ಯಾರನ್ನೂ ಕಳಿಸ್ಬೇಡ."

ಹೆಣ ಇರುವ ಮನೆಗೆ ಬಂದವರನ್ನು ಹೋಗು ಎಂದದ್ದನ್ನು ನಾನು ಈ ವಯಸ್ಸಿನವರೆಗೂ ಎಲ್ಲೂ ಕಂಡಿರಲಿಲ್ಲ. ದೇವೇಂದ್ರಪ್ಪ ಜೊತೆಗೆ ಬರುತ್ತಾನೇನೋ ಎಂದು ತಿರುಗಿ ನೋಡಿದೆ. ಅವನು ನೆಲದ ಮೇಲೆ ಶ್ಯಾಮನ ಪಕ್ಕ ಕೂತ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.